ಮಾಯಾ ಕಂಬಳಿಗೆ ಎಷ್ಟು ಹುಡುಕಾಟ?

ಆ ಗುರುವಾರ ಬೆಳಗ್ಗೆ ಬೈರಪ್ಪನವರ ಮೊಮ್ಮಗಳು ಕೀರ್ತನಾ ತಲೆ ಬಾಚಿಕೊಳ್ಳುತ್ತ ಒಂದು ಮಾತು ಆಡದೆ ಸುಮ್ಮನಿದ್ದಿದ್ದರೆ ಫಕೀರೇಶನಿಗೆ ಆ ಪಾಡು ಬರುತ್ತಿರಲಿಲ್ಲ.

ಫಕೀರೇಶ ಸುಂಕದಕಟ್ಟೆಯ ವಿನೂತನ ಟಾಕೀಸಿನ ಮ್ಯಾನೇಜರು. ಗದಗದ ಕಡೆಯಿಂದ ಬಂದವನು ಮೊದಲು ಟಾರ್ಚು ಹಿಡಿದು ಸೀಟು ತೋರಿಸಿದ, ಆಮೇಲೆ ಪ್ರೊಜೆಕ್ಟರು ಓಡಿಸಿದ, ಇಪ್ಪತ್ತು ವರ್ಷ ಸವೆಸಿ ಮ್ಯಾನೇಜರಾದ. ಆಗುವ ಹೊತ್ತಿಗೆ ಮ್ಯಾನೇಜು ಮಾಡಲು ಜನವೇ ಉಳಿದಿರಲಿಲ್ಲ. ಹಿಂದಿನ ದಿನದ ಮ್ಯಾಟಿನಿಗೆ ಒಂಬತ್ತು ಜನ ಬಂದಿದ್ದರು. ಅವರಲ್ಲಿ ಇಬ್ಬರು ಫ್ಯಾನಿನ ಕೆಳಗೆ ನಿದ್ದೆ ಹೊಡೆಯಲು ಬಂದವರು.

ತಮ್ಮದೇ ರಾಗಿ ಹೊಲದಲ್ಲಿ ಆ ಟಾಕೀಸು ಕಟ್ಟಿಸಿದ್ದ ಬೈರಪ್ಪ ಅಂದು ಫಕೀರೇಶನನ್ನು ಮನೆಗೆ ಕರೆಸಿದರು. "ಸಾಕು ಕಣಯ್ಯ. ಸೋಮವಾರದಿಂದ ಸೀಟು ಕಿತ್ತಾಕಿಸ್ತೀನಿ. ಕಲ್ಯಾಣ ಮಂಟಪ ಮಾಡ್ಬಿಡೋಣ. ಮದುವೆ ಆಗೋರಿಗೇನೂ ಬರ ಇಲ್ಲ."

ಫಕೀರೇಶ ಕಾಫಿ ಲೋಟ ಕೆಳಗಿಟ್ಟು ಎದ್ದುನಿಂತ. "ಒಂದ ವಾರ ಕೊಡ್ರಿ ಸಾಹೇಬ್ರ! ಸಾಲಿ ಸೂಟಿ ಶುರು ಆಗೇತಿ. 'ಮಾಯಾ ಕಂಬಳಿ' ತರಸೂಣು. ರಾಜಕುಮಾರಿ ಕಂಬಳಿ ಮ್ಯಾಲೆ ಕುಂತು ಹಾರತಾಳಲ್ರೀ, ಆ ಪಿಕ್ಚರು. ಮಂದಿ ಮುಗಿಬಿದ್ದು ಬರ್ತಾರ."

"ಹದಿನೈದು ವರ್ಷದ ಹಳೇ ಪಿಕ್ಚರು ಯಾವನಿಗೋ ಬೇಕು?"

ಆಗಲೇ ಕೀರ್ತನಾ ಬಾಯಿ ಹಾಕಿದ್ದು. "ತಾತ, ಯಾವನಿಗೆ ಬೇಕು ಅಂತ ಇಂಟರ್ನೆಟ್ಟಲ್ಲೇ ಗೊತ್ತಾಗುತ್ತೆ. ಯಾವ ಪಿಕ್ಚರ್‌ನ ಎಷ್ಟು ಜನ ಸರ್ಚ್ ಮಾಡ್ತಾರೆ ಅಂತ ನೋಡಿದ್ರಾಯ್ತು. ಜಾಸ್ತಿ ಸರ್ಚ್ ಮಾಡಿದ್ರೆ ಜಾಸ್ತಿ ಕ್ರೇಜ್."

ಬೈರಪ್ಪನವರಿಗೆ ಮೊಮ್ಮಗಳ ಮಾತೆಂದರೆ ಪಂಚಾಂಗವಿದ್ದಂತೆ. "ಕೇಳ್ದಾ? ಸಂಜೆ ಆರಕ್ಕೆ ಲೆಕ್ಕ ತಗೊಂಡ್ ಬಾ. ಐವತ್ತು ಜನ ಹುಡುಕಿದ್ರೆ ನಾಳೇನೇ ಪಿಕ್ಚರ್ ಪೆಟ್ಟಿಗೆ ತರಿಸ್ತೀನಿ. ಇಲ್ದಿದ್ರೆ ಮಂಟಪ."

ಇಂಟರ್ನೆಟ್ಟೆಂಬುದು ಫಕೀರೇಶನಿಗೆ ಮಾಗಡಿ ರಸ್ತೆಯ ಒಂದು ಬೋರ್ಡು ಮಾತ್ರವಾಗಿತ್ತು. ಅದರ ಕೆಳಗೆ ಆರು ಕಂಪ್ಯೂಟರಿಟ್ಟುಕೊಂಡು ಕೂತಿದ್ದವರು ನಿವೃತ್ತ ಮೇಷ್ಟ್ರು ಶಂಭುಲಿಂಗಪ್ಪ. ಕತೆಯನ್ನೆಲ್ಲ ಕೇಳಿ ಅವರು ಕೀಲಿಮಣೆ ಕುಟ್ಟಿದರು. ಪರದೆಯ ಮೇಲೆ ಒಂದು ಗ್ರಾಫು ಮೂಡಿತು. ಡ್ರ್ಯಾಗನ್ ಇರುವ ಯಾವುದೋ ಹೊರದೇಶದ ಚಿತ್ರದ ಕೆಂಪು ಗೆರೆ ನಂದಿಬೆಟ್ಟದ ಹಾಗೆ ಎದ್ದು ನಿಂತಿತ್ತು.

"ನಮ್ಮ ಕಂಬಳಿ ಎಲ್ಲೈತ್ರಿ?"

ಮೇಷ್ಟ್ರು ಕನ್ನಡಕ ಸರಿಪಡಿಸಿಕೊಂಡರು. "ಗೆರೆ ಎಳೆಯೋವಷ್ಟೂ ಜನ ಹುಡುಕಿಲ್ಲ ಅಂತಿದೆಯಪ್ಪ."

ಫಕೀರೇಶನ ಮುಖ ಇಂಟರ್ವಲ್‌ನಲ್ಲಿ ತಣ್ಣಗಾದ ಬೋಂಡಾದಂತೆ ಸೊರಗಿತು. ಅದನ್ನು ನೋಡಲಾರದೆ ಮೇಷ್ಟ್ರೇ ಒಂದು ದಾರಿ ಹುಡುಕಿದರು. "ಅದು ಜಗತ್ತಿನ ಲೆಕ್ಕ. ನಿಂಗೆ ಬೇಕಾಗಿರೋದು ಸುಂಕದಕಟ್ಟೆ ಲೆಕ್ಕ ತಾನೆ? ಯಾರು ಏನು ಹುಡುಕಿದ್ರು ಅಂತ ಈ ಆರು ಕಂಪ್ಯೂಟರೂ ನೆನಪಿಟ್ಕೊಂಡಿರುತ್ವೆ. ಆರು ಗಂಟೆವರೆಗೂ ನಾನು ಹಾಜರಿ ಹಾಕ್ತೀನಿ, ಕೂತಿರು."

ಫಕೀರೇಶ ಬಾಗಿಲಾಚೆ ಸ್ಟೂಲು ಹಾಕಿಕೊಂಡು ಕುಳಿತ. ಮಧ್ಯಾಹ್ನದವರೆಗೆ ಹದಿನೇಳು ಜನ ಬಂದರು. ಒಬ್ಬ ಕೆಲಸ ಹುಡುಕಿದ, ಒಬ್ಬ ಹೆಣ್ಣು ಹುಡುಕಿದ, ಒಬ್ಬರು ಮಂಡಿನೋವಿಗೆ ಮದ್ದು ಹುಡುಕಿದರು. ಕಂಬಳಿಯನ್ನು ಮಾತ್ರ ಯಾರೂ ಹುಡುಕಲಿಲ್ಲ.

ಒಂದೂವರೆಗೆ ಹೆಂಡತಿ ದಾನಮ್ಮ ರೊಟ್ಟಿಬುತ್ತಿ ತಂದಳು. "ಮನಿಗೆ ಬರೂದು ಬಿಟ್ಟು ಇಲ್ಲ್ಯಾಕ ಕುಂತೀರಿ?" ಗಂಡ ಹೇಳಿದ್ದನ್ನೆಲ್ಲ ಕೇಳಿ ಅವಳು ಸೆರಗು ಸಿಕ್ಕಿಸಿದಳು. "ಇಷ್ಟೇನ? ನೀವs ಐವತ್ತು ಸಲ ಒತ್ತಿ ಬರ್ರಿ."

"ಛೇ ಛೇ, ನಾ ಒತ್ತಿದ್ರ ಅದು ಮಂದಿ ಮನಸು ಹೆಂಗಾಗ್ತೈತಿ? ಮೋಸ ಆಗೂದಿಲ್ಲೇನು?"

"ಹಂಗಾರ ಮಂದೀನ ಕರೀತೀನಿ ತಡೀರಿ," ಎಂದು ಅವಳು ಪಕ್ಕದ ಟೈಲರ್ ಅಂಗಡಿಗೆ ನುಗ್ಗಿದಳು.

ಟೈಲರ್ ಜಗದಾಂಬಾಳ ಕಿವಿಗೆ ಬಿದ್ದ ಸುದ್ದಿ ಮೈಕಿಗೆ ಬಿದ್ದಂತೆಯೇ. "ಅಯ್ಯೋ, ಟಾಕೀಸ್ ಮುಚ್ಚಿಬಿಡ್ತಾರಂತೆ! ಎಲ್ರೂ ಬನ್ರೇ, ಒಂದೊಂದ್ ಸಲ ಹುಡುಕಿ ಬರೋಣ!" ಹತ್ತು ನಿಮಿಷದಲ್ಲಿ ಬ್ಲೌಸ್ ಹೊಲಿಯಲು ಕೊಟ್ಟವರು, ತಗೊಂಡವರು, ಇನ್ನೂ ಹೊಲಿದುಕೊಟ್ಟಿಲ್ಲವೆಂದು ಜಗಳವಾಡಲು ಬಂದವರು ಎಲ್ಲರೂ ಸೈಬರ್ ಸೆಂಟರಿನೊಳಗೆ ತುಂಬಿಕೊಂಡರು.

ಶುರುವಿನಲ್ಲಿ ಎಡವಟ್ಟಾಯಿತು. ಜಗದಾಂಬಾ ಒತ್ತಿದ ಇಂಗ್ಲಿಷ್ ಅಕ್ಷರಕ್ಕೆ ಕೆಸರಿನಲ್ಲಿ ಓಡುವ ಕೋಣಗಳು ಬಂದವು. "ರಾಜಕುಮಾರಿ ಎಲ್ಲಿ ಮೇಷ್ಟ್ರೇ?" "ಅದು ಕಂಬಳ ಕಣಮ್ಮ, ಕೊನೇಲಿ ಐ ಹಾಕು." ಐ ಹಾಕಿದ್ದಕ್ಕೆ ಉಣ್ಣೆ ಕಂಬಳಿ ಮಾರುವವರೆಲ್ಲ ಬಂದರು. ಆಟೋ ಕರಿಬಸಪ್ಪ ಹೊರಗಿನಿಂದಲೇ ಕೂಗಿದ, "ಮಾಯಾ ಅಂತ ಮೊದ್ಲು ಹಾಕಿ ಆಂಟಿ!" ಹಾಕಿದರು. ಸರಿಯಾಯಿತು. ಮೇಷ್ಟ್ರು ಸ್ಲೇಟಿನ ಮೇಲೆ ಮೊದಲ ಗೆರೆ ಎಳೆದರು.

ಆಮೇಲೆ ಗೆರೆಗಳು ನಿಲ್ಲಲೇ ಇಲ್ಲ. ಕರಿಬಸಪ್ಪ ಇಡೀ ಆಟೋ ಸ್ಟ್ಯಾಂಡನ್ನು ಕರೆತಂದ. ಪಕ್ಕದ ಬಡಾವಣೆ ಶ್ರೀಗಂಧದ ಕಾವಲಿನಿಂದಲೂ ಜನ ಬಂದರು. ಫಕೀರೇಶನಿಗೆ ಕಣ್ತುಂಬಿ ಬಂತು. ಎಷ್ಟೋ ವರ್ಷದ ಮೇಲೆ ಕ್ಯೂ ನೋಡುತ್ತಿದ್ದ. "ತಳ್ಳಬ್ಯಾಡ್ರಿ, ಲೈನಿನಾಗ ಬರ್ರಿ," ಎನ್ನುತ್ತ ಹೊರಗೇ ನಿಂತು ಜನರನ್ನು ಬಿಡತೊಡಗಿದ.

ಒಂದೇ ಒಂದು ಸಂಗತಿ ಅವನಿಗೆ ಅರ್ಥವಾಗಲಿಲ್ಲ. ಒಳಗೆ ಹೋದವರು ಬೇಗ ಹೊರಗೆ ಬರುತ್ತಿರಲಿಲ್ಲ. ಒಂದೊಂದು ಕಂಪ್ಯೂಟರಿನ ಮುಂದೆ ಎಂಟೆಂಟು ತಲೆ; ರಸ್ತೆಯ ಗದ್ದಲದಲ್ಲಿ ಒಳಗಿನ ಸದ್ದು ಕೇಳಿಸುತ್ತಿರಲಿಲ್ಲ. 'ಪಾಪ, ಅಕ್ಷರ ಕೂಡಿಸಾಕ ಹೊತ್ತು ಹಿಡೀತೈತಿ' ಅಂದುಕೊಂಡ. ಐದರ ಹೊತ್ತಿಗೆ ಒಳಗಿನಿಂದ "ಅಯ್ಯೋ, ನಿಂತೋಯ್ತು!" ಎಂಬ ಉದ್ಗಾರ ಕೇಳಿತು. ಮರುಕ್ಷಣವೇ ಜಗದಾಂಬಾ ಮುಂದೆ, ದಾನಮ್ಮ ಹಿಂದೆ, ಅವರ ಹಿಂದೆ ಇಡೀ ಪಟಾಲಮ್ಮು ಹೊರಗೆ ಬಂದು ಅವಸರವಸರವಾಗಿ ಹೊರಟುಹೋಯಿತು. ನಾಳೆಯ ಪಿಕ್ಚರಿಗೆ ಮನೆಯವರನ್ನು ಹೊರಡಿಸಲು ಓಡುತ್ತಿದ್ದಾರೆ ಎಂದು ಫಕೀರೇಶ ಹಿಗ್ಗಿದ.

ಆರಕ್ಕೆ ಮೇಷ್ಟ್ರು ಹಾಜರಿ ಕೂಗಿದರು. "ಎಂಬತ್ತಾರು!"

ಫಕೀರೇಶ ಸ್ಲೇಟನ್ನು ಎದೆಗವಚಿಕೊಂಡು ಬೈರಪ್ಪನವರ ಮನೆಗೆ ಓಡಿದ. ಗೇಟಿನ ಹತ್ತಿರ ನೋಡಿದರೆ ಚಪ್ಪಲಿಗಳ ರಾಶಿ. ಜನರೇ ಬಂದು ಮಾಲೀಕರಿಗೆ ಒತ್ತಾಯ ಮಾಡುತ್ತಿದ್ದಾರೆ! ಅವನು ಬಾಗಿಲಲ್ಲೇ ಗಟ್ಟಿಯಾಗಿ ಹೇಳಿದ, "ಸಾಹೇಬ್ರ, ಎಂಬತ್ತಾರು ಮಂದಿ..."

"ಶ್!" ಎಂದವು ಎಂಬತ್ತಾರು ಬಾಯಿಗಳು.

ಹಾಲಿನ ಮೂಲೆಯಲ್ಲಿ ಕೀರ್ತನಾಳ ಕಂಪ್ಯೂಟರಿತ್ತು. ಅದರಲ್ಲಿ ರಾಜಕುಮಾರಿ ಕಂಬಳಿಯ ಮೇಲೆ ಮೋಡಗಳನ್ನು ದಾಟುತ್ತಿದ್ದಳು. ನೆಲದ ಮೇಲೆ ಬೀದಿಗೆ ಬೀದಿಯೇ ಕೂತಿತ್ತು. ಮುಂದೆ ಬೈರಪ್ಪ, ಅವರ ಪಕ್ಕದಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದ ದಾನಮ್ಮ.

ಜಗದಾಂಬಾ ಪಿಸುಗುಟ್ಟಿದಳು, "ದಾನಮ್ಮನೇ ಹುಡುಕಿ ಅಂದ್ರಲ್ಲಣ್ಣ, ಹುಡುಕಿದ್ವಿ. ಪೂರ್ತಿ ಪಿಕ್ಚರೇ ಸಿಕ್ಬಿಡ್ತು! ಹದಿನಾಲ್ಕು ತುಂಡಲ್ಲಿ ಹಾಕವ್ರೆ. ಮೇಷ್ಟ್ರ ಕಂಪ್ಯೂಟ್ರು ಒಂಬತ್ತನೇ ತುಂಡಲ್ಲಿ ನಿಂತೋಯ್ತು. ಕೀರ್ತನಾದು ಸ್ಪೀಡು ಅಂತ ಇಲ್ಲಿಗ್ ಬಂದ್ವಿ."

ಫಕೀರೇಶನ ಕೈಯಲ್ಲಿದ್ದ ಸ್ಲೇಟು ಭಾರವಾಯಿತು. ನೋಡಿ ಮುಗಿಸಿದ ಪಿಕ್ಚರಿಗೆ ನಾಳೆ ಯಾರು ಬರುತ್ತಾರೆ? ಹಿಂದಿನ ಗೋಡೆಗೆ ಒರಗಿ ನಿಂತ. ನಿಂತವನು ಅಭ್ಯಾಸಬಲದಿಂದ ಟ್ಯೂಬ್‌ಲೈಟು ಆರಿಸಿದ, ಎತ್ತರದವರನ್ನು ಹಿಂದಕ್ಕೆ ಕೂರಿಸಿದ.

ಕತೆ ಹದಿಮೂರನೇ ತುಂಡಿಗೆ ಬಂತು. ರಾಕ್ಷಸ ಕಂಬಳಿಗೆ ಬೆಂಕಿಯಿಟ್ಟ. ಆಕಾಶದಿಂದ ರಾಜಕುಮಾರಿ ಬೀಳತೊಡಗಿದಳು... ಅಷ್ಟೇ. ಕೀರ್ತನಾ ಎಷ್ಟು ಒತ್ತಿದರೂ ಮುಂದಿನದು ಬರಲಿಲ್ಲ. "ಹದಿನಾಲ್ಕನೇದು ತೆಗೆದ್ಬಿಟ್ಟಿದಾರೆ ತಾತ."

ಹಾಲಿನಲ್ಲಿ ಹಾಹಾಕಾರವೆದ್ದಿತು. "ಬಿದ್ಲಾ? ಬದುಕಿದ್ಲಾ?" ಕರಿಬಸಪ್ಪ ತಲೆಯ ಮೇಲೆ ಕೈ ಹೊತ್ತ. ಬೈರಪ್ಪ ಸದ್ದಿಲ್ಲದೆ ಎದ್ದು ಫೋನಿನ ಹತ್ತಿರ ಹೋದರು. ದಾನಮ್ಮ ತುಂಬಿದ ಕಣ್ಣಲ್ಲಿ ಗಂಡನ ಕಡೆ ತಿರುಗಿದಳು. "ಏನಾತ್ರೀ ಆಕೀಗೆ? ನಿಮಗ ಗೊತ್ತೈತಲ್ಲ, ಹೇಳ್ರಿ."

ಹೆಂಡತಿಯ ಆ ಮುಖ, ಅದರ ಹಿಂದೆ ಕಾಯುತ್ತಿದ್ದ ಅಷ್ಟೊಂದು ಮುಖಗಳು. ಫಕೀರೇಶನ ಮನಸ್ಸು ಬೆಣ್ಣೆಯಾಯಿತು. ಐವತ್ತು ದಿನ ಅದೇ ರೀಲು ಓಡಿಸಿದ್ದವನು ಹಾಲಿನ ನಡುವೆ ಬಂದು ನಿಂತ. ಹೆಗಲ ಮೇಲಿನ ಟವೆಲ್ಲೇ ಕಂಬಳಿಯಾಯಿತು. ರಾಕ್ಷಸನಾಗಿ ಗರ್ಜಿಸಿದ, ರಾಜಕುಮಾರಿಯಾಗಿ ಅತ್ತ. ಉರಿದುಹೋದ ಕಂಬಳಿಯ ಕೊನೆಯ ಒಂದೇ ಒಂದು ಎಳೆ ಅವಳ ಬೆರಳಿಗೆ ಸುತ್ತಿಕೊಂಡು, ಅವಳನ್ನು ಹೂವಿನಂತೆ ಕುರುಬನ ಗುಡಿಸಲಿನ ಮುಂದೆ ಇಳಿಸಿದ್ದನ್ನು ಹೇಳುವಾಗ ಅವನ ದನಿಯೂ ಒದ್ದೆಯಾಯಿತು. ಶುಭಂ ಎಂದು ಕೈಮುಗಿದ.

ಮನೆ ಹಾರಿಹೋಗುವಂಥ ಚಪ್ಪಾಳೆ. ದಾನಮ್ಮ ಅಳುತ್ತಲೇ ನಕ್ಕಳು. ಇಪ್ಪತ್ತು ವರ್ಷದಲ್ಲಿ ಫಕೀರೇಶನಿಗಾಗಿ ಯಾರೂ ಚಪ್ಪಾಳೆ ತಟ್ಟಿರಲಿಲ್ಲ.

ಬೈರಪ್ಪ ಮಾತ್ರ ರಿಸೀವರು ಹಿಡಿದು ಕಲ್ಲಿನಂತೆ ನಿಂತಿದ್ದರು. "ಅಯ್ಯೋ ಮಂಕೇ! ಪೆಟ್ಟಿಗೆ ಕಳ್ಸಿ ಅಂತ ಹೇಳ್ತಾ ಇದ್ದೆ ಕಣೋ. ಕ್ಲೈಮ್ಯಾಕ್ಸ್ ನಾಳೆ ಟಾಕೀಸಲ್ಲಿ ನೋಡಿ ಅಂದಿದ್ರೆ ಇಷ್ಟೂ ಜನ ಬರ್ತಿದ್ರಲ್ಲೋ!"

ಫಕೀರೇಶ ಕೊನೆಯ ಆಸೆಯಿಂದ ಗೇಟಿನ ಬಳಿಗೆ ಓಡಿ, ಚಪ್ಪಲಿ ಹುಡುಕುತ್ತಿದ್ದ ಜಗದಾಂಬಾಳ ಮುಂದೆ ನಿಂತ. "ಅಕ್ಕಾರ, ದೊಡ್ಡ ಪರದೆ ಮ್ಯಾಲೆ ಅದರ ಮಜಾನs ಬ್ಯಾರೆ. ನಾಳೆ ಹಾಕಿದ್ರ ಬರ್ತೀರಲ್ರೀ?"

ಜಗದಾಂಬಾ ಅವನ ಕೈ ಹಿಡಿದುಕೊಂಡಳು. ಅವಳ ಕಣ್ಣು ಇನ್ನೂ ಆರಿರಲಿಲ್ಲ.

"ಬೇಡಣ್ಣ. ನೀವು ಹೇಳಿದ್ದೇ ಎಷ್ಟು ಚೆನ್ನಾಗಿತ್ತು ಅಂದ್ರೆ, ಇನ್ನು ಪಿಕ್ಚರ್ ನೋಡಿ ಅದನ್ನ ಹಾಳು ಮಾಡ್ಕೊಳ್ಳೋಕೆ ನಮ್ಗೆ ಮನಸಿಲ್ಲ."