ಕಂಡಕ್ಟರ್ ಮಾಮನ ಕಾಡು

ನನ್ನ ಸೋದರಮಾವನ ಪ್ರಕಾರ ಕಾಡು ಎಂದರೆ ಸೀಟು ಕಿತ್ತುಹಾಕಿದ ಬಸ್ಸು, ಅಷ್ಟೇ! ತಮಾಷೆಗೆ ಹೇಳುತ್ತಿಲ್ಲ. ಮೂವತ್ತು ವರ್ಷ ಕಂಡಕ್ಟರ್ ಆಗಿ ನಿಂತೇ ಸವೆದ ಮನುಷ್ಯ ನಿವೃತ್ತಿಯಾದ ಮೇಲೆ ಮನೆಯಲ್ಲಿ ಕಾಲು ಚಾಚಿ ಕೂರಬೇಕೋ ಬೇಡವೋ? ಅದು ಬಿಟ್ಟು ಮಕ್ಕಳಿಗೆ ಕಾಡಿನಲ್ಲಿ ಬದುಕಿ ಉಳಿಯುವ ವಿದ್ಯೆ ಕಲಿಸುತ್ತೇನೆ ಎಂದು ಹೊರಟರು. ದೊಡ್ಡಬಳ್ಳಾಪುರದ ಶಾಲೆಯೊಂದರಲ್ಲಿ ನಾನು ವಿಜ್ಞಾನದ ಮೇಡಂ ಆಗಿದ್ದದ್ದು ಅವರಿಗೆ ಅನುಕೂಲವಾಯಿತು, ನನಗೆ ಗ್ರಹಚಾರವಾಯಿತು.

ತಿಂಗಳಿಗೊಂದು ಶನಿವಾರ ಎಂಟನೇ ಕ್ಲಾಸಿನ ಮೂವತ್ತೆರಡು ಮಕ್ಕಳನ್ನು ಶಾಲೆಯ ಬಸ್ಸಿಗೆ ತುಂಬಿಕೊಂಡು ದೊಡ್ಡಬೆಳವಂಗಲದ ಆಚೆಗಿನ ಒಂದು ಕುರುಚಲು ಗುಡ್ಡಕ್ಕೆ ಹೋಗುತ್ತೇವೆ. ಮಧ್ಯಾಹ್ನದವರೆಗೆ ಕಾಡಿನ ಪಾಠ. ಆಮೇಲೆ ಕೆಳಗಿನ ಕೆರೆಗೆ ನೀರು ತರುವ ಕಾಲುವೆಯಲ್ಲಿ ಲಂಟಾನ ಕಳೆ ಕೀಳುವುದು, ಪ್ಲಾಸ್ಟಿಕ್ ಹೆಕ್ಕುವುದು. ಮೊಬೈಲುಗಳೆಲ್ಲ, ಮಾಮನದೂ ಸೇರಿ, ಒಂದು ಚೀಲಕ್ಕೆ ಬಿದ್ದು ಬಸ್ಸಿನಲ್ಲೇ ಉಳಿಯಬೇಕು.

ಮಾಮನ ಸೀಟಿ ಒಂದು ಸಲ ಊದಿದರೆ ಇದ್ದಲ್ಲೇ ನಿಲ್ಲಬೇಕು, ಎರಡು ಸಲ ಊದಿದರೆ ಹೊರಡಬೇಕು. ಐದು ನಿಮಿಷಕ್ಕೊಮ್ಮೆ ತಲೆ ಎಣಿಕೆ. ಬಟಾಬಯಲಿನಲ್ಲಿ ನಿಂತು, "ಒಳಗ್ ನಡೀರಿ, ಒಳಗ್ ನಡೀರಿ, ಮುಂದೆ ಜಾಗ ಐತೆ!" ಎಂದು ಕೂಗುವ ಮನುಷ್ಯನನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ? ಒಮ್ಮೆ ಒಬ್ಬಳು ಹುಡುಗಿ ಇರುವೆ ಗೂಡಿನ ಮೇಲೆ ಕಾಲಿಟ್ಟ ಹೊತ್ತಿಗೇ ಸೀಟಿ ಬಿತ್ತು. ಪಾಪ, ಅವಳು ನಿಯಮದಂತೆ ನಿಂತಳು. ಇರುವೆಗಳಿಗೆ ಆ ನಿಯಮ ಗೊತ್ತಿರಲಿಲ್ಲ!

ದಿಕ್ಕು ಹುಡುಕುವ ಪಾಠವನ್ನಂತೂ ನಾನು ಮರೆಯಲಾರೆ. ನೆಲಕ್ಕೊಂದು ಕೋಲು ನೆಟ್ಟು, ಅದರ ನೆರಳು ಸರಿಯುವುದನ್ನು ಎಲ್ಲರೂ ಸುತ್ತ ಕುಳಿತು ಅರ್ಧ ಗಂಟೆ ಕಾಯ್ದೆವು. ಒಬ್ಬ ಹುಡುಗನಿಗೆ ತಡೆಯಲಾಗಲಿಲ್ಲ.

"ತಾತ, ವಿಮಾನ ಇಳಿಯೋ ಕಡೆ ದೇವನಹಳ್ಳಿ. ಅಂದ್ಮೇಲೆ ಅದೇ ಪೂರ್ವ ಅಲ್ವಾ?"

"ಲೇ, ಕಾಡಲ್ಲಿ ವಿಮಾನ ಎಲ್ಲಿಂದ್ಲಾ ಬತ್ತದೆ?" ಎಂದು ಮಾಮ ಗದರಿದರು.

ಅಷ್ಟರಲ್ಲಿ ನಮ್ಮ ತಲೆಯ ಮೇಲೇ ಒಂದು ವಿಮಾನ ಗುಡುಗುತ್ತಾ ಪೂರ್ವದ ಕಡೆ ಇಳಿಯಿತು. ಮಾಮ ಅದನ್ನು ನೋಡಲೇ ಇಲ್ಲ, ಕೋಲನ್ನೇ ನೋಡುತ್ತಿದ್ದರು!

ಬೆಂಕಿ ಹಚ್ಚುವ ಪಾಠ ಇನ್ನೂ ಭರ್ಜರಿ. ಎರಡು ಬೆಣಚುಕಲ್ಲು ಹಿಡಿದು ಒಂದು ಗಂಟೆ ಕುಟ್ಟಿದರು. ಹೆಬ್ಬೆರಳು ಬಾತುಕೊಂಡಿತೇ ಹೊರತು ಹತ್ತಿಗೆ ಕಿಡಿ ಹತ್ತಲಿಲ್ಲ. ಕೊನೆಗೆ ನೆನೆಸಿದ ಅವಲಕ್ಕಿಯನ್ನು ಎಲ್ಲರಿಗೂ ಹಂಚಿ, "ಬೆಂಕಿ ಹತ್ತದೇ ಇದ್ರೆ ಏನ್ ಮಾಡ್ಬೇಕು ಅನ್ನೋದೇ ಇವತ್ತಿನ ಪಾಠ" ಎಂದುಬಿಟ್ಟರು. ಇಂಥವರನ್ನು ಫೇಲ್ ಮಾಡುವುದು ಹೇಗೆ ಹೇಳಿ?

ಕಳೆದ ಶನಿವಾರ ಕಾಲುವೆ ಕೆಲಸ ಮುಗಿಸಿ ಗುಡ್ಡ ಇಳಿಯುವಾಗ ಮಾಮನಿಗೆ ಏದುಸಿರು ಬಂತು. ಸೀಟಿಯನ್ನು ಕ್ಲಾಸ್ ಲೀಡರ್ ಹುಡುಗಿಯ ಕೊರಳಿಗೆ ಹಾಕಿ, "ಬಸ್ ಹತ್ತಿಸೋ ಕೆಲ್ಸ ಇವತ್ತು ನಿಂದು" ಎಂದರು. ಅವಳು ಎಣಿಸಿದಳು, ಎರಡು ಸೀಟಿ ಊದಿದಳು, ಬಸ್ಸು ಹೊರಟಿತು. ಮಾಮ ಯಾವಾಗಲೂ ಹಿಂದಿನ ಬಾಗಿಲಲ್ಲೇ ನಿಲ್ಲುವವರು, ನಾನು ಮುಂದಿನ ಸೀಟಿನವಳು. ದೊಡ್ಡಬೆಳವಂಗಲದಲ್ಲಿ ಬಸ್ಸು ನಿಂತಾಗ, "ಮಾಮ, ಟೀ ಕುಡೀತೀರಾ?" ಎಂದು ತಿರುಗಿದೆ. ಹಿಂದಿನ ಬಾಗಿಲಲ್ಲಿ ಯಾರೂ ಇರಲಿಲ್ಲ.

"ಎಣಿಸ್ಲಿಲ್ವೇನೇ?" ಎಂದು ಲೀಡರ್ ಮೇಲೆ ಹರಿಹಾಯ್ದೆ.

"ಎಣಿಸ್ದೆ ಮಿಸ್, ಮೂವತ್ತೆರಡೂ ಸರಿಯಿತ್ತು. ಪ್ಯಾಸೆಂಜರ್‌ಗಳನ್ನ ಮಾತ್ರ ಎಣಿಸ್ಬೇಕು, ಸ್ಟಾಫ್ ಲೆಕ್ಕಕ್ಕೆ ಬರಲ್ಲ ಅಂತ ತಾತನೇ ಹೇಳ್ಕೊಟ್ಟಿದ್ದು..." ಎನ್ನುತ್ತಾ ಅವಳು ಅಳಲು ಶುರು ಮಾಡಿದಳು.

ನನ್ನ ಜೀವ ಬಾಯಿಗೆ ಬಂತು. ಮಾಮನಿಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿದ ಮೇಲೆ ಹೊಟ್ಟೆಗೆ ಏನಾದರೂ ಹಾಕದಿದ್ದರೆ ಕಣ್ಣು ಕತ್ತಲೆ ಬಂದು ಬಿದ್ದುಬಿಡುತ್ತಾರೆ. ಅವತ್ತು ತಮ್ಮ ಪಾಲಿನ ಅವಲಕ್ಕಿಯನ್ನೂ ಮಕ್ಕಳಿಗೇ ಹಂಚಿದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಫೋನು ಮಾಡೋಣವೆಂದರೆ ಅವರ ಮೊಬೈಲು ನನ್ನ ಕಾಲ ಬುಡದ ಚೀಲದಲ್ಲೇ ಇತ್ತು! ಡ್ರೈವರ್ ಬಸ್ಸು ತಿರುಗಿಸಿದ. ದಾರಿಯುದ್ದಕ್ಕೂ ನಾನು ಕಂಡ ದೇವರಿಗೆಲ್ಲ ಹರಕೆ ಹೊತ್ತೆ, ಮಾಮನಿಗೆ ಬಯ್ಯಲು ಬೈಗುಳಗಳನ್ನೂ ಜೋಡಿಸಿಕೊಂಡೆ.

ಗುಡ್ಡದ ಬುಡದಲ್ಲಿ ಇಳಿದವಳೇ "ಮಾಮಾ! ಮಾಮಾ!" ಎಂದು ಗಂಟಲು ಹರಿಯುವಂತೆ ಕೂಗತೊಡಗಿದೆ. ಲೀಡರ್ ಹುಡುಗಿ ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದಳು.

"ಮಿಸ್, ನೀವೇ ಕೂಗ್ತಾ ಇದ್ರೆ ಅವ್ರು ಕೂಗೋದು ಹೆಂಗ್ ಕೇಳುತ್ತೆ? ಸುಮ್ನಿರಿ."

ಒಂದು ಸೀಟಿ ಊದಿದಳು. ಮೂವತ್ತೆರಡು ಮಕ್ಕಳೂ ಉಸಿರು ಬಿಗಿಹಿಡಿದು ನಿಂತರು, ಜೊತೆಗೆ ನಾನೂ. ಸ್ವಲ್ಪ ಹೊತ್ತಿಗೆ ಕಾಲುವೆಯ ಕಡೆಯಿಂದ ಕಲ್ಲಿಗೆ ಕಲ್ಲು ಕುಟ್ಟುವ ಸದ್ದು ಮೂರು ಸಲ ಕೇಳಿತು. ಮತ್ತೆ ಮೂರು ಸಲ.

"ತಾತ! ಮೂರು ಏಟು ಅಂದ್ರೆ ಸಹಾಯ ಬೇಕು ಅಂತ!" ಎಂದು ಮಕ್ಕಳು ಓಡಿದರು.

ಬಿಟ್ಟುಹೋಗಿದ್ದ ಒಂದು ಚೀಲ ಪ್ಲಾಸ್ಟಿಕ್ ತರಲು ಹೋಗಿ ಮಾಮ ಕಾಲುವೆಗೆ ಜಾರಿದ್ದರು. ಪಾದ ಬಾತಿತ್ತು. ಅದೇ ಚೀಲದ ಮೇಲೆ ಕಾಲು ಎತ್ತರಕ್ಕಿಟ್ಟು, ಮೇಲಿನ ಹೊಂಗೆ ಕೊಂಬೆಗೆ ಟವೆಲ್ ಕಟ್ಟಿ, ಪಾಠದಲ್ಲಿ ಹೇಳಿದ ಹಾಗೇ ಕೂತಿದ್ದರು. ಮುಖದ ತುಂಬ ಬೆವರು, ಕೈ ನಡುಗುತ್ತಿತ್ತು. ಯಾರದೋ ಜೇಬಿನಿಂದ ಕರಗಿದ ಚಾಕ್ಲೇಟು, ಇನ್ಯಾರದೋ ಬ್ಯಾಗಿನಿಂದ ಬೆಲ್ಲ ಬಂತು. ತಿಂದು ಸ್ವಲ್ಪ ಹೊತ್ತಿಗೆ ಮುಖಕ್ಕೆ ಕಳೆ ಬಂತು. ನೀಲಗಿರಿ ಗಳುಗಳಿಗೆ, ಕೂರಲು ಹಾಸುತ್ತಿದ್ದ ಬೆಡ್‌ಶೀಟ್ ಕಟ್ಟಿ ಮಕ್ಕಳೇ ಡೋಲಿ ಮಾಡಿದರು. ಅದರಲ್ಲಿ ಮಲಗಿದ ಈ ಮಹಾನುಭಾವ ಏನು ಮಾಡಿದರು ಗೊತ್ತೇ? "ಗಂಟು ಸರಿಯಾಗಿಲ್ಲ ಕಣ್ರೋ, ಬಿಚ್ಚಿ ಕಟ್ರೋ" ಎಂದು ಬಸ್ಸಿನವರೆಗೂ ಗೊಣಗಿದರು!

ಹಿಂದಿನ ಉದ್ದನೆ ಸೀಟಿನ ಮೇಲೆ ಅವರನ್ನು ಮಲಗಿಸಿ ಪಕ್ಕದಲ್ಲಿ ಕೂತೆ. ಹೋದ ಜೀವ ಬಂದಂತಾಗಿತ್ತು. ಇನ್ನು ಬೈಗುಳ ಶುರು ಮಾಡೋಣ ಎಂದು ಬಾಯಿ ತೆರೆದೆ.

"ಭಯ ಆಗೋಗಿತ್ತು ಕಣಮ್ಮ," ಎಂದರು ಮಾಮ, ಬಹಳ ಮೆಲ್ಲಗೆ. "ಬಿಟ್ಟೋದ ಕೊಡೆಗೆ, ಟಿಫನ್ ಕ್ಯಾರಿಯರ್‌ಗೆ, ಒಂದ್ಸಲ ಯಾರ್ದೋ ಕೋಳಿಗೂ ಬಸ್ ಹಿಂದಕ್ಕೆ ತಿರುಗಿಸಿದ್ದೀನಿ. ನನಗೋಸ್ಕರ ಬಸ್ಸು ತಿರುಗಿದ್ದು ಇದೇ ಮೊದ್ಲು."

ದಾರಿಯುದ್ದಕ್ಕೂ ಜೋಡಿಸಿಟ್ಟ ಬೈಗುಳದಲ್ಲಿ ಒಂದೂ ನೆನಪಾಗಲಿಲ್ಲ. ಮಕ್ಕಳ ಮುಂದೆಯೇ ಗೊಳೋ ಎಂದು ಅತ್ತುಬಿಟ್ಟೆ. ಮಾಮ ನಿದ್ದೆಹೋದರು. ಊರು ಬರುವವರೆಗೂ ನಾನು ಅವರ ಅಂಗಿಯ ತುದಿಯನ್ನು ಬಿಡಲಿಲ್ಲ.