ನೀವು ಮೊದಲು ಇಳೀರಿ ಸಾರ್

ಬೈರೇಶನನ್ನು ಆ ದಿನ ಕೆಡಿಸಿದ್ದು ಅವನ ಮರ್ಯಾದೆ. ಬಸ್ಸಿನಲ್ಲಿ ಸೀಟು ಬಿಟ್ಟುಕೊಡುವವನು, ಮದುವೆ ಮನೆಯಲ್ಲಿ ಮೂರನೇ ಪಂಕ್ತಿಯವರೆಗೂ ಹಸಿದು ನಿಲ್ಲುವವನು, ಹಿರಿಯರೆದುರು ಕುರ್ಚಿಯ ತುದಿಯಲ್ಲಷ್ಟೇ ಕೂರುವವನು. ನೆಲದ ಮೇಲೆ ಇದೆಲ್ಲ ಒಳ್ಳೆಯ ಗುಣವೇ. ಅವನು ಅದನ್ನು ಎಂಟುನೂರು ಅಡಿ ಮೇಲಕ್ಕೂ ಹೊತ್ತುಕೊಂಡು ಹೋದದ್ದು ತಪ್ಪಾಯಿತು.

ದಾಬಸ್‌ಪೇಟೆಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದ ಅವನಿಗೆ ವಿಮಾನದ ಹುಚ್ಚೇನೂ ಇರಲಿಲ್ಲ. ಹುಚ್ಚು ಇದ್ದದ್ದು ಅರ್ಪಿತಳ ಮೇಲೆ. ಅವಳ ತಂದೆ ಹೊಸಕೋಟೆಯ ಚಲಪತಿಯವರು ಸ್ವಂತದ್ದೊಂದು ಹಳದಿ ವಿಮಾನ ಇಟ್ಟುಕೊಂಡು, ವಾರಕ್ಕೊಮ್ಮೆ ಹಾರುತ್ತೇನೆಂದು ಊರೆಲ್ಲ ಹೇಳಿಕೊಂಡು ತಿರುಗುವ ಮನುಷ್ಯ. ಬೈರೇಶ ಹೆಣ್ಣು ಕೇಳಲು ಹೋದಾಗ ಅವರು ಹೇಳಿದ್ದು ಇಷ್ಟೇ: "ನಾನು ಮೇಲೆ ಹಾರೋನು, ನನ್ನ ಅಳಿಯ ಕೆಳಗೆ ನಿಂತ್ಕೊಂಡು ನೋಡೋನಾದ್ರೆ ಹೆಂಗಪ್ಪಾ? ಒಬ್ನೇ ಹಾರಿ ಪರೀಕ್ಷೆ ಪಾಸ್ ಮಾಡ್ಕೊಂಡು ಬಾ, ಆಮೇಲೆ ಮಾತಾಡೋಣ."

ಆ ಪರೀಕ್ಷೆ ಇವತ್ತು. ದೊಡ್ಡಬೆಳವಂಗಲದಾಚೆಯ ಬಯಲಿನಲ್ಲಿ ಒಂದು ಪುಟ್ಟ ರನ್‌ವೇ, ಒಂದು ತಗಡಿನ ಶೆಡ್ಡು, ಬೇಲಿಯಾಚೆ ಗಂಗಣ್ಣನ ದ್ರಾಕ್ಷಿ ತೋಟ. ಹಾರಾಟ ಕಲಿಸುವ ರಂಜಿತ ಮೇಡಂ ಕೊನೆಯ ಸಲ ಎಚ್ಚರಿಸಿದರು.

"ನೋಡಿ ಬೈರೇಶ್, ಇಲ್ಲಿ ಟವರ್ ಇಲ್ಲ. ಈಗ ನೀನು ಇಳಿ, ಆಮೇಲೆ ನೀನು ಅಂತ ಹೇಳೋರು ಯಾರೂ ಇಲ್ಲ. ತಿರುಗೋಕೆ ಮುಂಚೆ ಎಲ್ಲಿದೀನಿ ಅಂತ ರೇಡಿಯೋದಲ್ಲಿ ಹೇಳ್ಬೇಕು, ಬೇರೆಯವ್ರು ಹೇಳೋದು ಕೇಳಿಸ್ಕೋಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಕಣ್ಣು ಬಿಟ್ಟು ನೋಡ್ಬೇಕು. ಇಬ್ರು ಒಟ್ಟಿಗೆ ಇಳಿಯೋಕೆ ಬಂದ್ರೆ ಮುಂದೆ, ಕೆಳಗೆ ಇರೋನು ಮೊದಲು. ಇವತ್ತು ಮೇಲೆ ಇನ್ನೊಂದು ವಿಮಾನ ಇರುತ್ತೆ. ನಾನು ಬಾಯಿ ಬಿಡಲ್ಲ. ನೀವ್ ನೀವೇ ಮಾತಾಡ್ಕೊಂಡು ಇಳೀಬೇಕು."

"ನೀವೇನೂ ಯೋಚ್ನೆ ಮಾಡ್ಬೇಡಿ ಮೇಡಂ," ಅಂದ ಬೈರೇಶ. ಪಾಸಾಗುವುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ತಾಯಿ ಗಂಗಲಕ್ಷ್ಮಮ್ಮ ಶೆಡ್ಡಿನ ಬಾಗಿಲಲ್ಲೇ ನಿಂತು ದೃಷ್ಟಿ ತೆಗೆದರು. ಬಿಳಿ ವಿಮಾನ ಸೊಗಸಾಗಿ ಮೇಲೇರಿತು.

ಕೆರೆಯ ಹತ್ತಿರ ಬಂದು ಅವನು ಪಾಠ ಒಪ್ಪಿಸಿದಂತೆ ಹೇಳಿದ. "ಬಿಳಿ ವಿಮಾನ, ಕೆರೆ ಮೇಲಿದೀನಿ, ಎಡಕ್ಕೆ ತಿರುಗಿ ಇಳಿಯೋಕೆ ಬರ್ತಿದೀನಿ."

"ಹಳದಿ ವಿಮಾನ, ನಾನೂ ಇಳಿಯೋಕೇ ಬರ್ತಿದೀನಿ. ನಿನ್ನ ಹಿಂದೇನೇ ಇದೀನಿ ಕಣಪ್ಪಾ," ಎಂದಿತು ರೇಡಿಯೋ.

ಚಲಪತಿಯವರ ದನಿ! ಬೈರೇಶ ಸೀಟಿನ ತುದಿಗೆ ಸರಿದು ಕುಳಿತ. ಭಾವೀ ಮಾವನವರಿಗೆ ಬೆನ್ನು ತೋರಿಸಿಕೊಂಡು ಮೊದಲು ಇಳಿಯುವುದೇ? ನಾಳೆ ಅವರ ಮನೆಯ ಜಗಲಿ ಹತ್ತುವುದು ಹೇಗೆ?

"ಸಾರ್, ನೀವು ಮೊದಲು ಇಳೀರಿ."

"ಛೆ ಛೆ, ನೀನು ಇಳಿಯಪ್ಪಾ."

"ಎಲ್ಲಾದ್ರೂ ಉಂಟಾ ಸಾರ್! ದೊಡ್ಡೋರು ನೀವು."

ಹೀಗೆ ಹೇಳಿ ಬೈರೇಶ ಇಳಿಯದೆ ಮತ್ತೆ ಮೇಲೇರಿದ. ಅವನು ಇಳಿಯದಿದ್ದುದನ್ನು ಕಂಡು ಚಲಪತಿಯವರೂ ಮೇಲೇರಿದರು. ಎರಡನೇ ಸುತ್ತಿನಲ್ಲೂ ಅದೇ ಉಪಚಾರ. ಮೂರನೇ ಸುತ್ತಿಗೆ ಚಲಪತಿಯವರ ದನಿ ಯಾಕೋ ನಡುಗುತ್ತಿತ್ತು. "ಲೋ, ದಮ್ಮಯ್ಯ ಅಂತೀನಿ, ನೀನು ಮೊದಲು ಇಳಿಯೋ!" ಎಂಥ ದೊಡ್ಡ ಮನಸ್ಸು ಎಂದುಕೊಂಡು ಬೈರೇಶ ಮತ್ತೆ ದಾರಿ ಬಿಟ್ಟ.

ಕೆಳಗೆ ಗಂಗಣ್ಣನಿಗೆ ತಡೆಯಲಾಗಲಿಲ್ಲ. ದಿನವೂ ಬೇಲಿಯ ಪಕ್ಕ ನಿಂತು ನೋಡಿ ನೋಡಿ ತಾನೂ ಅರ್ಧ ಪೈಲಟ್ ಆಗಿದ್ದೇನೆಂದು ಅವನು ತಿಳಿದಿದ್ದ. ಮೇಡಂ ತಮ್ಮ ರೇಡಿಯೋ ಹಿಡಿದು ರನ್‌ವೇ ತುದಿಯಲ್ಲಿದ್ದರು, ಶೆಡ್ಡಿನ ಮೇಜಿನ ಮೇಲೆ ಇನ್ನೊಂದು ರೇಡಿಯೋ ಈ ಉಪಚಾರವನ್ನೆಲ್ಲ ಕೇಳಿಸುತ್ತ ಬಿದ್ದಿತ್ತು. ಎತ್ತಿಕೊಂಡ.

"ಲೇ ಬೈರೇಶ, ನಾನ್ಕಣೋ ಗಂಗಣ್ಣ! ಇದೇನ್ಲಾ, ಬೀಗರ ಊಟಕ್ಕೆ ಕರೆದಂಗೆ ಕರೀತಾ ಇದೀರಾ? ಇರು, ನಿಮ್ಮವ್ವ ಮಾತಾಡ್ಬೇಕಂತೆ."

ಗಂಗಲಕ್ಷ್ಮಮ್ಮ ರೇಡಿಯೋದ ಗುಂಡಿಯನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದರು. "ಮಗಾ, ಬೆಳಿಗ್ಗೆ ಬರೀ ಒಂದು ಲೋಟ ಕಾಫಿ ಕುಡ್ಕೊಂಡು ಹೋಗಿದೀಯ, ತಲೆ ಸುತ್ತುತ್ತೆ, ಇಳ್ದು ಬಂದ್ಬಿಡು. ಅವ್ರು ದೊಡ್ಡೋರು ನಿಜ, ಆದ್ರೂ..."

ಒಬ್ಬರು ಗುಂಡಿ ಅದುಮಿರುವಷ್ಟು ಹೊತ್ತೂ ಬೇರೆ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಅದೇ ಹೊತ್ತಿಗೆ ಬೈರೇಶ ಒಂದು ಉಪಾಯ ಹೂಡಿದ್ದ. ಕೆರೆಯ ಮೇಲೆ ಪೂರ್ತಿ ಒಂದು ಸುತ್ತು ಹಾಕಿ ಚಲಪತಿಯವರ ಹಿಂದಕ್ಕೆ ಹೋಗಿಬಿಟ್ಟರೆ ಅವರೇ ಮೊದಲು ಇಳಿಯಲೇಬೇಕಲ್ಲ! "ಸುತ್ತು ಹಾಕ್ತಿದೀನಿ ಸಾರ್" ಎಂದು ಹೇಳಿಯೂ ಹೇಳಿದ. ಅವನ ಮಾತು ಕಾಫಿಯ ಮಾತಿನಡಿ ಮುಚ್ಚಿಹೋಯಿತು.

ಅರ್ಧ ಸುತ್ತು ತಿರುಗಿ ತಲೆಯೆತ್ತಿದರೆ ಎದುರಿಗೇ ಹಳದಿ ವಿಮಾನ. ಅದರ ಗಾಜಿನ ಹಿಂದೆ ಚಲಪತಿಯವರ ತೆರೆದ ಬಾಯಿ ಕೂಡ ಕಂಡಿತು.

ಆ ಕ್ಷಣ ಬೈರೇಶನಿಗೆ ಮಾವ, ಮರ್ಯಾದೆ, ಅರ್ಪಿತ ಯಾರೂ ನೆನಪಿಗೆ ಬರಲಿಲ್ಲ. ನೆನಪಾದದ್ದು ಮೇಡಂ ಹೇಳಿಕೊಟ್ಟ ಒಂದೇ ಮಾತು: ಎದುರಾದರೆ ಇಬ್ಬರೂ ಬಲಕ್ಕೆ. ಬಲಕ್ಕೆ ಎಳೆದ. ದೇವರು ದೊಡ್ಡವನು, ಚಲಪತಿಯವರೂ ಅವರ ಬಲಕ್ಕೇ ಎಳೆದರು. ಎರಡು ವಿಮಾನಗಳೂ ಒಂದರ ಪಕ್ಕ ಇನ್ನೊಂದು ಸರಿದುಹೋದವು. ಕೆಳಗೆ ಮೇಡಂ ಓಡಿಬಂದು ಗಂಗಲಕ್ಷ್ಮಮ್ಮನವರ ಕೈಯಿಂದ ರೇಡಿಯೋ ಕಿತ್ತುಕೊಂಡರು. ಬೆದರಿದ ಚಲಪತಿಯವರು ಮೇಲಕ್ಕೇರಿ ದೂರ ಸುತ್ತಿ ಬರುವಷ್ಟರಲ್ಲಿ ಬೈರೇಶ ತಿರುಗಿ ರನ್‌ವೇಗೆ ಮುಖ ಮಾಡಿದ್ದ.

"ಬಿಳಿ ವಿಮಾನ, ಮುಂದೆ ಇದೀನಿ, ಕೆಳಗೆ ಇದೀನಿ, ಮೊದಲು ನಾನೇ ಇಳೀತೀನಿ!" ಬೈರೇಶ ಗಟ್ಟಿಯಾಗಿ ಹೇಳಿ, ಸೀಟಿನ ತುಂಬ ಕುಳಿತು, ಹೂವಿನಂತೆ ಇಳಿಸಿದ. ಅವನ ಹಿಂದೆಯೇ ಹಳದಿ ವಿಮಾನ ಎರಡು ಸಲ ಪುಟಿದು ಇಳಿಯಿತು.

ಎದೆಯುಬ್ಬಿಸಿಕೊಂಡು ಬಂದವನಿಗೆ ಮೇಡಂ, "ಇಳಿಸಿದ್ದು ಚೆನ್ನಾಗಿತ್ತು. ಫೇಲ್," ಅಂದರು.

"ಮೇಡಂ!"

"ಮೂರು ಸಲ ನಿಮ್ಮ ಸರದಿ ಬಿಟ್ಟುಕೊಟ್ರಿ. ಸರದಿ ಇರೋನೇ ಇಳೀದಿದ್ರೆ ಹಿಂದಿರೋನಿಗೆ ನೀವೇನು ಮಾಡ್ತೀರ ಅಂತ ಹೆಂಗ್ರೀ ಗೊತ್ತಾಗ್ಬೇಕು? ಡಿಕ್ಕಿ ಆಗೋದೇ ಹಿಂಗೆ. ಮೂರು ತಿಂಗಳು ಬಿಟ್ಟು ಬನ್ನಿ." ಆಮೇಲೆ ಅವರು ಬೈರೇಶನನ್ನು ದಾಟಿ ಮುಂದೆ ಹೋಗಿ ಚಲಪತಿಯವರ ಕೈ ಕುಲುಕಿದರು. "ನೀವು ಹಿಂದೆ ಇದ್ರಿ, ಪ್ರತಿ ಸಲಾನೂ ಮುಂದಿನೋರಿಗೆ ದಾರಿ ಬಿಟ್ರಿ. ಅದೇ ಸರಿ. ಪಾಸ್ ಸಾರ್! ನಾಲ್ಕನೇ ಸಲಕ್ಕಾದ್ರೂ ಪಾಸಾದ್ರಲ್ಲ!"

ಬೈರೇಶನಿಗೆ ನೆಲವೇ ತಿರುಗಿದಂತಾಯಿತು. "ಸಾರ್, ನಿಮ್ದೂ ಪರೀಕ್ಷೆನಾ ಇವತ್ತು?"

ಚಲಪತಿಯವರು ಅವನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು. "ಇಷ್ಟು ವರ್ಷ ಮೇಡಂ ಪಕ್ಕದಲ್ಲಿ ಕೂತಿರೋರು ಕಣಪ್ಪಾ. ಹಿಂದಿನ ಮೂರು ಸಲ ಒಬ್ನೇ ಮೇಲೇರೋಕೇ ಧೈರ್ಯ ಬರ್ಲಿಲ್ಲ. ಇವತ್ತು ಒಬ್ನೇ ಮೇಲೆ ಹೋದ್ಮೇಲೆ ಇಳಿಸೋದು ಹೆಂಗೆ ಅನ್ನೋದೇ ಮರ್ತೋಯ್ತು. ನೀನು ಇಳಿಸಿದ್ರೆ ನೋಡ್ಕೊಂಡು ಇಳಿಸೋಣ ಅಂತ ಬೇಡ್ಕೊಂಡ್ರೆ, ನೀನು ಇಳೀಲೇ ಇಲ್ವಲ್ಲೋ! ಇದು ಯಾರಿಗೂ ಹೇಳ್ಬೇಡ."

ಬೈರೇಶನಿಗೆ ಜೀವ ಬಂತು. ಇಷ್ಟು ದೊಡ್ಡ ಗುಟ್ಟು ಹಂಚಿಕೊಂಡ ಮೇಲೆ ಇನ್ನೇನು, ನೆಂಟಸ್ತನ ಕುದುರಿದಂತೆಯೇ. "ಹಾಗಾದ್ರೆ ಸಾರ್, ಅರ್ಪಿತ ವಿಷ್ಯ..."

ಅಷ್ಟರಲ್ಲಿ, ಗಂಗಲಕ್ಷ್ಮಮ್ಮ ಮಗನಿಗೆಂದು ತಂದಿದ್ದ ಸೇವಂತಿಗೆ ಹಾರವನ್ನು ಗಂಗಣ್ಣ ಪಾಸಾದವರ ಕೊರಳಿಗೆ ಹಾಕಿ ಚಪ್ಪಾಳೆ ತಟ್ಟಿದ. ಚಲಪತಿಯವರು ಹಾರ ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ದನಿಯೇರಿಸಿದರು.

"ಅದ್ಹೆಂಗಪ್ಪಾ ಆಗುತ್ತೆ? ಮಾವ ಪಾಸು, ಅಳಿಯ ಫೇಲು ಅಂದ್ರೆ ಹೊಸಕೋಟೇಲಿ ನಾನು ತಲೆ ಎತ್ಕೊಂಡು ತಿರುಗೋದು ಹೆಂಗೆ?"