ಅಟ್ಟಕ್ಕೇರಿದ ಬ್ಯಾಟರಿ

ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡವನ ನಡಿಗೆಯಲ್ಲಿ ಒಂದು ಗತ್ತು ಇರುತ್ತದೆ. ಆ ಗತ್ತು ಎಷ್ಟು ಹೊತ್ತು ಉಳಿಯಬೇಕು ಎಂಬುದನ್ನು ತೀರ್ಮಾನಿಸುವುದು ಮಾತ್ರ ಕ್ಯಾಮೆರಾದ ಹೊಟ್ಟೆಯೊಳಗೆ ಕೂತಿರುವ ಬೆಂಕಿಪೊಟ್ಟಣದ ಗಾತ್ರದ ಬ್ಯಾಟರಿ. ಮೊಬೈಲ್ ಫೋನು ಎಷ್ಟೋ ವಾಸಿ. ಪ್ರಾಣ ಬಿಡುವ ಮುಂಚೆ ಹತ್ತಾರು ಸಲ ಕೂಗಿ ಹೇಳುತ್ತದೆ. ನನ್ನ ಕ್ಯಾಮೆರಾಕ್ಕೆ ಆ ಸೌಜನ್ಯವಿಲ್ಲ. ಅದರ ಪರದೆಯ ಮೂಲೆಯಲ್ಲಿ ಬ್ಯಾಟರಿ ಎಷ್ಟಿದೆಯೆಂದು ತೋರಿಸುವ ಮೂರು ಗೆರೆಗಳಿವೆ. ಮೂರು ಎರಡಾಗುವುದನ್ನು ನೋಡಿದ್ದೇನೆ. ಎರಡು ಒಂದಾಗುವುದನ್ನು ಮಾತ್ರ ಇವತ್ತಿನವರೆಗೂ ಕಂಡಿಲ್ಲ. ಎರಡಿರುವಾಗಲೇ ಅದು ಮುಂದೆ ಚಾಚಿದ್ದ ಮೂತಿಯನ್ನು ಒಳಗೆಳೆದುಕೊಂಡು ಮಲಗಿಬಿಡುತ್ತದೆ.

ನಾನು ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡಿಕೊಂಡಿರುವವನು. ನಮ್ಮ ಕಸುಬಿನಲ್ಲಿ ಎಲ್ಲಕ್ಕೂ ಒಂದೇ ಪರೀಕ್ಷೆ. ಅಟ್ಟದಿಂದ ಇಳಿಸಿದ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗೆ ಲೊಟಲೊಟ ಎಂದರೆ ಕೊಬ್ಬರಿಯಾಗಿದೆ, ಸುಲಿಯಬಹುದು. ನೀರಿನ ಸದ್ದು ಬಂದರೆ ಮತ್ತೆ ಅಟ್ಟಕ್ಕೆ. ಈ ಅಭ್ಯಾಸ ನನ್ನ ಕೈಗೆ ಎಷ್ಟು ಹತ್ತಿಕೊಂಡಿದೆಯೆಂದರೆ ಟಾನಿಕ್ ಬಾಟಲಿ, ಟಾರ್ಚು, ಅಂಚೆಯಲ್ಲಿ ಬಂದ ಪೊಟ್ಟಣ, ಯಾವುದಾದರೂ ಸರಿ, ಮೊದಲು ಅಲ್ಲಾಡಿಸಿಯೇ ಮುಂದಿನ ಮಾತು. ಹೆಣ್ಣು ನೋಡಲು ಹೋದಾಗ ಕೊಟ್ಟ ಕಾಫಿ ಲೋಟವನ್ನೂ ಕಿವಿಯ ಹತ್ತಿರ ಒಯ್ದಿದ್ದೆನಂತೆ. ಆವತ್ತು ಲೋಟ ಕೊಟ್ಟ ಸುಮಾ ಈಗಲೂ ನೆಂಟರು ಸೇರಿದ ಕಡೆಯೆಲ್ಲ ಅದನ್ನು ಹೇಳುತ್ತಾಳೆ.

ಈ ಕ್ಯಾಮೆರಾ ಕೊಂಡದ್ದು ಮದುವೆಯಾದ ಹೊಸತರಲ್ಲಿ. ಆ ಮಾದರಿಯನ್ನು ಕಂಪನಿಯವರು ಯಾವಾಗಲೋ ನಿಲ್ಲಿಸಿದ್ದಾರೆ, ಅದರ ಬ್ಯಾಟರಿಯನ್ನೂ ನಿಲ್ಲಿಸಿದ್ದಾರೆ. ಇದ್ದ ಬ್ಯಾಟರಿ ಸುಸ್ತಾಗುತ್ತಾ ಬಂದ ಕಾಲದಲ್ಲಿ ತುಮಕೂರಿನ ಅಂಗಡಿಯೊಂದರ ಗಾಜಿನ ಕಪಾಟಿನಲ್ಲಿ ಅದೇ ನಂಬರಿನ ಹೊಚ್ಚಹೊಸ ಬ್ಯಾಟರಿ ಕಂಡಿತು. ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗು ಸಿಕ್ಕಿದಷ್ಟು ಆನಂದವಾಗಿ ಎತ್ತಿಕೊಂಡು ಬಂದೆ. ತಂದವನು ಬಳಸಬೇಕಿತ್ತು, ನಿಜ. ಆದರೆ ಒಳ್ಳೆಯ ಮಾಲನ್ನು ಬಂದ ದಿನವೇ ಮುಟ್ಟುವ ಜನ ನಾವಲ್ಲ. ನಮ್ಮಲ್ಲಿ ಕಾಯಿ ಕಿತ್ತ ಮೇಲೆ ಹತ್ತಿರ ಹತ್ತಿರ ವರ್ಷ ಅಟ್ಟದ ಮೇಲಿರುತ್ತದೆ. ಅಲ್ಲಿಟ್ಟದ್ದು ಕೆಡುವುದಿಲ್ಲ, ಇನ್ನಷ್ಟು ಒಳ್ಳೆಯದಾಗಿಯೇ ಕೆಳಗಿಳಿಯುತ್ತದೆ ಎಂಬ ನಂಬಿಕೆ ನನ್ನ ರಕ್ತದಲ್ಲೇ ಇದೆ. ಹಾಗಾಗಿ ಒಮ್ಮೆ ಚಾರ್ಜ್ ಮಾಡಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಕಾಯಿಗಳ ಮಗ್ಗುಲಲ್ಲೇ ಇಟ್ಟೆ. ಹೆಂಚಿನ ಕೆಳಗೆ ಬೇಸಿಗೆಯಲ್ಲಿ ಅಟ್ಟ ಎಷ್ಟು ಕಾಯುತ್ತದೆ ಎಂಬುದು ನನಗೆ ಗೊತ್ತಿತ್ತು. ಆದರೆ ಕಾಯಿಗೆ ಆ ಶಾಖ ಬೇಕೇ ಬೇಕು, ಬ್ಯಾಟರಿಗೆ ಮಾತ್ರ ಏಕೆ ಬೇಡ ಎಂದುಕೊಂಡೆ.

ಇನ್ನು ನಮ್ಮತ್ತೆಯವರ ವಿಷಯ. ಬಿಳಿಗೆರೆಯಲ್ಲಿರುವ ನಮ್ಮತ್ತೆ, ಅಂದರೆ ಸುಮಾಳ ತಾಯಿ ಗಿರಿಜಮ್ಮನವರಿಗೆ ಒಬ್ಬ ಅಕ್ಕ, ಒಬ್ಬ ತಂಗಿ. ಅಕ್ಕ ಇರುವುದು ಹುಳಿಯಾರಿನಲ್ಲಿ, ತಂಗಿ ತುರುವೇಕೆರೆಯಲ್ಲಿ. ನಾವು ಅವರನ್ನು ಕರೆಯುವುದೂ ಹುಳಿಯಾರತ್ತೆ, ತುರುವೇಕೆರೆ ಅತ್ತೆ ಎಂದೇ. ಇಷ್ಟು ವರ್ಷದಲ್ಲಿ ಈ ಮೂವರು ಒಟ್ಟಿಗಿರುವ ಒಂದೇ ಒಂದು ಫೋಟೊ ಇಲ್ಲ. ಯಾರ ಮದುವೆಯೇ ಆಗಲಿ, ಎಲ್ಲರೂ ಸಾಲಾಗಿ ನಿಲ್ಲುವ ಹೊತ್ತಿಗೆ ಒಬ್ಬರು ಅಡಿಗೆಯವರ ಹತ್ತಿರ ಜಗಳದಲ್ಲಿರುತ್ತಾರೆ, ಇನ್ನೊಬ್ಬರು ಯಾರದೋ ಮಗುವನ್ನು ತೊಡೆಯ ಮೇಲೆ ಮಲಗಿಸುತ್ತಿರುತ್ತಾರೆ. ನಮ್ಮತ್ತೆಗೆ ಇದೇ ದೊಡ್ಡ ಕೊರಗು. ಈಚೆಗೆ ಹುಳಿಯಾರತ್ತೆ ಕಣ್ಣಿನ ಪೊರೆ ತೆಗೆಸಿಕೊಂಡರು. ಕಪ್ಪು ಕನ್ನಡಕ ಬಿಚ್ಚಿದ ಮೇಲೆ ಮೊದಲು ತಂಗಿಯರ ಮುಖ ನೋಡಬೇಕೆಂದು ಬಿಳಿಗೆರೆಗೇ ಬಂದರು. ತುರುವೇಕೆರೆಯವರನ್ನೂ ಕರೆಸಿಕೊಂಡರು. ಇಬ್ಬರನ್ನೂ ಬೆಳಕಿಗೆ ತಿರುಗಿಸಿ ನೋಡಿ, ನೀವಿಷ್ಟು ಮುದುಕಿಯರಾಗಿದ್ದೀರಿ ಅಂತ ಯಾರೂ ನನಗೆ ಹೇಳಲೇ ಇಲ್ಲವಲ್ಲ ಎಂದರಂತೆ.

ಮಾರನೆಯ ದಿನ ಮಧ್ಯಾಹ್ನದ ಬಸ್ಸಿಗೆ ಹುಳಿಯಾರತ್ತೆ ವಾಪಸು ಹೊರಡಬೇಕಿತ್ತು, ಕಣ್ಣಿನ ಡಾಕ್ಟರು ಮತ್ತೆ ಬರಹೇಳಿದ್ದರು. ಅಷ್ಟರೊಳಗೆ ಫೋಟೊ ಆಗಬೇಕು. ನಮ್ಮತ್ತೆಯ ಮಗ ಮಂಜ ತನ್ನ ಫೋನಿನಲ್ಲಿ ತೆಗೆಯುತ್ತೇನೆಂದು ಮುಂದೆ ಬಂದಿದ್ದ. ನಮ್ಮತ್ತೆ ಒಪ್ಪದೆ ಬೆಳಿಗ್ಗೆಯೇ ನನಗೆ ಫೋನ್ ಮಾಡಿದರು. “ಫೋನಲ್ಲಿ ತೆಗ್ದಿದ್ದು ಫೋನಲ್ಲೇ ಉಳ್ಕಳುತ್ತೆ ಕಣಪ್ಪ, ಗೋಡೆಗೆ ಬರಲ್ಲ. ನೀವು ಆ ಕ್ಯಾಮ್ರಾ ತಗಂಡ್ ಬನ್ನಿ” ಎಂದರು. ಅಳಿಯನಾದವನಿಗೆ ಇದಕ್ಕಿಂತ ದೊಡ್ಡ ಸನ್ಮಾನ ಯಾವುದಿದೆ? ನಾನು ಒಂದೇ ಉಸಿರಿಗೆ ಅಟ್ಟ ಹತ್ತಿ ಹೊಸ ಬ್ಯಾಟರಿ ಇಳಿಸಿ ಜೇಬಿಗೆ ಹಾಕಿಕೊಂಡೆ. ಹಳೆಯದು ಕ್ಯಾಮೆರಾದೊಳಗೆ ಇತ್ತು. ಚಾರ್ಜರ್ ಬೇಡವೇ ಎಂದು ಸುಮಾ ಕೇಳಿದಳು. ಎರಡೆರಡು ಬ್ಯಾಟರಿ ಇಟ್ಟುಕೊಂಡವನಿಗೆ ಚಾರ್ಜರ್ ಏಕೆ ಎಂದು ನಕ್ಕು ಅವಳನ್ನು ಸ್ಕೂಟರ್ ಹತ್ತಿಸಿಕೊಂಡು ಹೊರಟೆ.

ಅಂಗಳದಲ್ಲಿ ಬೆಂಚು ಹಾಕಿ, ಮೂವರೂ ರೇಷ್ಮೆ ಸೀರೆಯುಟ್ಟು ಕೂತಿದ್ದರು. ನನಗಂತೂ ಕೈಕಾಲು ನಿಲ್ಲಲೊಲ್ಲದು. ಕೂತು ತೆಗೆದೆ, ನಿಂತು ತೆಗೆದೆ, ಅಲ್ಲೇ ಪಕ್ಕದಲ್ಲಿದ್ದ ತೆಂಗಿನಕಾಯಿ ರಾಶಿಯ ಮೇಲೆ ಹತ್ತಿ ತೆಗೆದೆ. ಪ್ರತಿ ಸಲವೂ ಒಬ್ಬರು ಕಣ್ಣು ಮುಚ್ಚಿರುತ್ತಿದ್ದರು. ಹುಳಿಯಾರತ್ತೆಯ ಕಣ್ಣು ತೆರೆದಿದ್ದರೆ ನಮ್ಮತ್ತೆಯದು ಮುಚ್ಚಿದೆ, ಇಬ್ಬರದೂ ತೆರೆದಿದ್ದರೆ ತುರುವೇಕೆರೆಯವರು ಆಕಳಿಸುತ್ತಿದ್ದಾರೆ. ನಾನು ಒಂದೊಂದು ಫೋಟೊವನ್ನೂ ಪರದೆಯ ಮೇಲೆ ದೊಡ್ಡದು ಮಾಡಿ, ಎಲ್ಲರ ಹತ್ತಿರ ಒಯ್ದು ತೋರಿಸಿ, ಯಾರದು ತಪ್ಪು ಎಂದು ವಿಚಾರಣೆ ನಡೆಸಿದೆ. ತೆಗೆಯುವುದಕ್ಕಿಂತ ತೋರಿಸುವುದಕ್ಕೇ ಹೆಚ್ಚು ಬ್ಯಾಟರಿ ಖರ್ಚಾಗುತ್ತದೆ ಎಂಬುದು ಆ ಸಂಭ್ರಮದಲ್ಲಿ ಮರೆತೇ ಹೋಗಿತ್ತು. ಎರಡು ಗೆರೆ ಇರುವಾಗಲೇ ಕ್ಯಾಮೆರಾ ಮೂತಿ ಒಳಗೆಳೆದುಕೊಂಡಿತು.

ನಾನು ಹೆದರಲಿಲ್ಲ. ಠೀವಿಯಿಂದ ಜೇಬಿಗೆ ಕೈಹಾಕಿ ಅಟ್ಟದ ಬ್ಯಾಟರಿ ತೆಗೆದೆ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ, ಹಾಕಿದೆ, ಗುಂಡಿ ಒತ್ತಿದೆ. ಏನೂ ಇಲ್ಲ. ತೆಗೆದು, ಉಜ್ಜಿ, ಮತ್ತೆ ಹಾಕಿದೆ. ವರ್ಷವಿಡೀ ಅಟ್ಟದ ಮೇಲೆ ಕೂತು ಅದು ಕೊಬ್ಬರಿಯೂ ಆಗಿರಲಿಲ್ಲ, ಬ್ಯಾಟರಿಯಾಗಿಯೂ ಉಳಿದಿರಲಿಲ್ಲ. ಮಂಜ ಪಾಪ ಒಳಗೆ ಓಡಿಹೋಗಿ ತನ್ನ ಕ್ಯಾಮೆರಾದ ಬ್ಯಾಟರಿ ತಂದ. ಅವನ ಕ್ಯಾಮೆರಾ ಬಿದ್ದು ಗಾಜು ಒಡೆದಿತ್ತು, ಬ್ಯಾಟರಿ ಗಟ್ಟಿಮುಟ್ಟಾಗಿತ್ತು. ಅದೇ ಕಂಪನಿ, ಅದೇ ಬಣ್ಣ, ಅದೇ ಉದ್ದಗಲ. ನನಗೆ ಹೋದ ಜೀವ ಬಂದಂತಾಯಿತು. ಆದರೆ ಒಳಗೆ ಹೋಗಲೊಲ್ಲದು. ನೋಡಿದರೆ ನನ್ನ ಬ್ಯಾಟರಿಗೆ ಎಡಗಡೆ ಇರುವ ಕಚ್ಚು ಅವನದಕ್ಕೆ ಬಲಗಡೆ ಇತ್ತು. ಒಂದೇ ತಾಯಿಯ ಮಕ್ಕಳನ್ನು ಹೀಗೆ ಬೇರೆ ಮಾಡಿದವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹುಳಿಯಾರತ್ತೆ ಕೈಲಿ ತೆಗೆದುಕೊಂಡು ಹೊಸ ಕಣ್ಣಿನಿಂದ ಪರೀಕ್ಷಿಸಿ, “ಒಸಿ ಹೆರೆದು ಹಾಕ್ರಪ್ಪ, ಮಚ್ಚಿನ ಹಿಡಿ ಕೂರ್ಲಿಲ್ಲ ಅಂದ್ರೆ ಹೆರೆಯಲ್ವಾ” ಎಂದರು. ನಿಜ ಹೇಳುತ್ತೇನೆ, ನಾನು ಕಾಯಿ ರಾಶಿಯ ಪಕ್ಕದಲ್ಲಿದ್ದ ಮಚ್ಚಿನ ಕಡೆ ನೋಡಿದೆ. ಅಷ್ಟರಲ್ಲಿ ಮಂಜ ತನ್ನ ಬ್ಯಾಟರಿಯನ್ನು ಕಸಿದುಕೊಂಡು ಜೇಬಿಗೆ ಸೇರಿಸಿದ. ಬಸ್ಸಿನ ಹೊತ್ತಾಗುತ್ತಿತ್ತು. “ಭಾವ, ಫೋನಲ್ಲೇ ತೆಗ್ದ್‌ಬುಡ್ಲಾ?” ಎಂದು ಅವನು ಮೆಲ್ಲಗೆ ಕೇಳಿದ. ನಮ್ಮತ್ತೆಯ ಮುಖ ಸಣ್ಣಗಾಯಿತು. ಈ ಸಲವೂ ಇಲ್ಲ ಬಿಡಿ ಎಂದು ಸೆರಗಿನ ತುದಿ ಸರಿಮಾಡಿಕೊಂಡರು.

ಆಗ ನೆನಪಾಯಿತು: ಸುಸ್ತಾದ ಬ್ಯಾಟರಿಯನ್ನು ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟು ಮೈ ಬೆಚ್ಚಗೆ ಮಾಡಿದರೆ ಕೊನೆಯ ಒಂದು ಫೋಟೊಕ್ಕೆ ಏಳುತ್ತದಂತೆ. ಹಳೆಯ ಬ್ಯಾಟರಿಯನ್ನು ಕಂಕುಳಲ್ಲಿ ಅವುಚಿಕೊಂಡು, ಜ್ವರ ನೋಡಿಸಿಕೊಳ್ಳುವವನ ಹಾಗೆ ಕಾಯಿ ರಾಶಿಯ ಪಕ್ಕ ಕೂತೆ. ಎಲ್ಲರೂ ಕಾಫಿ ಕುಡಿದರು. ನನಗೆ ಲೋಟ ಹಿಡಿಯಲು ಒಂದೇ ಕೈ. ಕೊನೆಗೆ ಎದ್ದು ಬ್ಯಾಟರಿ ಹಾಕಿ ಗುಂಡಿ ಒತ್ತಿದೆ. ಮೂತಿ ಹೊರಗೆ ಬಂತು! ಇನ್ನೇನು ತೆಗೆಯಬೇಕು, ಅಷ್ಟರಲ್ಲಿ ನಮ್ಮತ್ತೆ, “ನೀವೂ ಬಂದು ಕೂತ್ಕಳಿ. ಅಳಿಯಂದ್ರು ಇಲ್ದಿದ್ ಫೋಟೊ ಏನ್ ಚೆಂದ” ಎಂದರು. ಇರುವ ಒಂದು ಗುಟುಕು ಜೀವದಲ್ಲಿ ಇದೂ ಆಗಲಿ ಎಂದು, ಮಂಜನ ಕೈಗೂ ಕೊಡದೆ, ಕ್ಯಾಮೆರಾವನ್ನು ಸ್ಟೂಲಿನ ಮೇಲಿಟ್ಟು, ತಾನಾಗಿಯೇ ತೆಗೆಯುವ ಹತ್ತು ಸೆಕೆಂಡಿನ ಗುಂಡಿ ಒತ್ತಿ ಓಡಿದೆ. ಕೆಂಪು ದೀಪ ಮಿಣಮಿಣ ಎನ್ನುತ್ತಿತ್ತು. ನನ್ನ ಕಾಲು ಉರುಳಿ ಬಿದ್ದಿದ್ದ ಒಂದು ಕಾಯಿಯ ಮೇಲೆ ಬಿತ್ತು. ನಾನು ನೆಲಕ್ಕೂ, ಕ್ಯಾಮೆರಾ ಕ್ಲಿಕ್ಕಿಗೂ ಒಂದೇ ಹೊತ್ತಿಗೆ ತಲುಪಿದೆವು.

ತಿಪಟೂರಿನ ಸ್ಟುಡಿಯೋದವರು ಅದನ್ನು ದೊಡ್ಡದಾಗಿ ಪ್ರಿಂಟ್ ಮಾಡಿ ಕಟ್ಟು ಹಾಕಿಕೊಟ್ಟಿದ್ದಾರೆ. ಎಂಥ ಫೋಟೊ ಅಂತೀರಿ! ಮೂವರು ಅಕ್ಕತಂಗಿಯರು ಒಬ್ಬರ ಮೇಲೊಬ್ಬರು ಒರಗಿಕೊಂಡು, ಕಣ್ಣರಳಿಸಿ, ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದಾರೆ. ಹೀಗೆ ನಕ್ಕದ್ದನ್ನು ನಾನು ಯಾವ ಮದುವೆಯಲ್ಲೂ ನೋಡಿಲ್ಲ. ಕೆಳಗಿನ ಮೂಲೆಯಲ್ಲಿ ಮಾತ್ರ ನನ್ನದೊಂದು ಅಂಗಾಲು ಆಕಾಶ ನೋಡುತ್ತಿದೆ. ಅದನ್ನು ಕತ್ತರಿಸಿ ಬೇರೆ ಕಟ್ಟು ಹಾಕಿಸಿಕೊಡುತ್ತೇನೆಂದು ನಮ್ಮತ್ತೆಯನ್ನು ಬಗೆಬಗೆಯಾಗಿ ಕೇಳಿಕೊಂಡೆ. ಅವರು ಫೋಟೊವನ್ನು ಎದೆಗೆ ಅವುಚಿಕೊಂಡು, “ಅದ್ ಇರ್ಲಿ ಬುಡಿ. ಅದಿಲ್ದಿದ್ರೆ ನಾವ್ ಯಾಕ್ ನಗ್ತಿದೀವಿ ಅಂತ ನೋಡಿದೋರಿಗೆ ಹೆಂಗ್ ಗೊತ್ತಾಗ್ಬೇಕು” ಎಂದರು. ಈಗ ಬಿಳಿಗೆರೆಗೆ ಹೋದಾಗ ಗೋಡೆಯ ಮೇಲೆ ಅದನ್ನು ನೋಡಿದ ನೆಂಟರಿಗೆ ನನ್ನ ಪರಿಚಯ ಮಾಡಿಕೊಡುವ ಕಷ್ಟವೇ ಇಲ್ಲ. ಅವರು ಮೊದಲು ನನ್ನ ಕಾಲು ನೋಡುತ್ತಾರೆ, ಆಮೇಲೆ ಮುಖ.